ಬಟ್ಟೆ ಒಗೀತಿದ್ದವರು ಯಾರು?

ಅಪ್ಪಯ್ಯನಿಗೆ ದಮ್ಮು ಶುರುವಾಗಿ ಏಳೆಂಟು ವರ್ಷ ಆಗಿತ್ತು. ಒಂದು ಸಲ ಟಿ.ಬಿ. ಅಂತ ಆರು ತಿಂಗಳು ಮಾತ್ರೆ ನುಂಗಿಸಿದರು. ಇನ್ನೊಬ್ಬರು ಬೀಡಿ ಬಿಡಿ ಅಂದರು. ಅವರು ಬೀಡಿ ಮುಟ್ಟಿದವರೇ ಅಲ್ಲ! 2006ರಲ್ಲಿ ಯೂನಿಯನ್‌ನ ಹಳೇ ಗೆಳೆಯರೊಬ್ಬರು, ನಮ್ಮಂಥವರ ಎದೆ ನೋಡಲಿಕ್ಕೆ ಒಂದು ಕ್ಯಾಂಪ್ ಇದೆ, ಬನ್ನಿ ಅಂದರು. ಭಾನುವಾರ ಬೆಳಿಗ್ಗೆ ಮೂವರೂ ಲೋಕಲ್ ಹತ್ತಿದೆವು. ಅಮ್ಮ ಬಂದಿದ್ದು ಸುಮ್ನೆ, ನೀರಿನ ಬಾಟಲಿ ಮತ್ತು ಅವಲಕ್ಕಿ ಡಬ್ಬಿ ಹಿಡ್ಕೊಂಡು ಜೊತೆಗೆ ಕೂರಲಿಕ್ಕೆ.

ನಮ್ಮದು ಕುಂದಾಪುರದ ಕಡೆ. ಮುಂಬೈಗೆ ಬಂದ ನಮ್ಮೂರಿನವರು ಜಾಸ್ತಿ ಹೋಟೆಲ್ ಸೇರುತ್ತಿದ್ದರು. ಅಪ್ಪಯ್ಯ 1969ರಲ್ಲಿ ಸಿಮೆಂಟ್ ಶೀಟ್ ಮಾಡುವ ಒಂದು ಕಾರ್ಖಾನೆ ಸೇರಿದರು. ಪಿ.ಎಫ್., ಬೋನಸ್ಸು ಇರುವ ಕೆಲಸ ಅಂದರೆ ಊರಲ್ಲಿ ಹೆಣ್ಣು ಕೊಡಲು ಅಷ್ಟು ಸಾಕಿತ್ತು. ಅವರ ಕೆಲಸ ಗೋಣಿ ಬಿಚ್ಚುವುದು. ಚಾಕುವಿನಲ್ಲಿ ಹೊಲಿಗೆ ಸೀಳಿ, ಒಳಗಿದ್ದ ಕಲ್ನಾರನ್ನು, ಅಂದರೆ ಆಸ್ಬೆಸ್ಟಾಸನ್ನು, ಸಿಮೆಂಟ್ ಜೊತೆ ಕಲಸಲಿಕ್ಕೆ ಸುರಿಯುವುದು. ಹೆಸರಿನ ಹಾಗೇ ಅದು ಕಲ್ಲೂ ಹೌದು, ನಾರೂ ಹೌದು. ಬೆರಳಲ್ಲಿ ಉಜ್ಜಿದರೆ ಹತ್ತಿಯ ಹಾಗೆ ಬಿಟ್ಟುಕೊಳ್ಳುತ್ತದೆ. ಎಳೆ ಸೀಳುತ್ತಾ ಸೀಳುತ್ತಾ ಕೊನೆಗೆ ಕಣ್ಣಿಗೂ ಕಾಣುವುದಿಲ್ಲ. ಉಸಿರಿನ ಜೊತೆ ಒಳಗೆ ಹೋದರೆ ಕರಗುವುದೂ ಇಲ್ಲ.

ಸಂಜೆ ಮನೆಗೆ ಬಂದರೆ ಹುಬ್ಬು, ಮೀಸೆ ಎಲ್ಲಾ ಬೆಳ್ಳಗೆ. 'ಅಜ್ಜ ಬಂದ, ಅಜ್ಜ ಬಂದ' ಅಂತ ನಾನೂ ತಂಗಿಯೂ ಕುಣಿಯುತ್ತಿದ್ದೆವು. ಅವರ ಖಾಕಿ ಅಂಗಿಯನ್ನು ಅಮ್ಮ ಮೊದಲು ಚಾಳಿನ ವರಾಂಡದಲ್ಲಿ ನಿಂತು ಪಟಪಟ ಕೊಡವುತ್ತಿದ್ದಳು. ಕೊಡವದೆ ನೀರಿಗೆ ಹಾಕಿದರೆ ಸಿಮೆಂಟು ಬಟ್ಟೆಗೆ ಕಚ್ಚಿಕೊಳ್ಳುತ್ತಿತ್ತು. ಆಮೇಲೆ ಬಚ್ಚಲಲ್ಲಿ ಕೂತು ಒಗೆಯುವುದು. ಖಾಲಿ ಗೋಣಿಗಳೂ ಮನೆಗೆ ಬರುತ್ತಿದ್ದವು. ಒಂದು ಬಾಗಿಲಿಗೆ ಕಾಲೊರೆಸುವ ಚೀಲವಾದರೆ, ಇನ್ನೊಂದರೊಳಗೆ ಹಳೇ ಸೀರೆ ತುಂಬಿ ಅಮ್ಮ ಹಾಸಿಗೆ ಹೊಲಿದಿದ್ದಳು. ಬೆಚ್ಚಗಿರುತ್ತಿತ್ತು.

ಕ್ಯಾಂಪಿನಲ್ಲಿ ಅಪ್ಪಯ್ಯನ ಕೈಯಲ್ಲಿ ಒಂದು ಕೊಳವೆ ಕೊಟ್ಟು ಊದಿಸಿದರು. ಮೂರು ಸಲ ಊದಿ ಅವರು ಗೋಡೆ ಹಿಡಿದು ನಿಂತರು. ಡಾಕ್ಟ್ರು ಬೆನ್ನ ಮೇಲೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಬೆರಳ ತುದಿ ಒತ್ತಿ ನೋಡಿದರು. ಆ ಉಗುರುಗಳು ಯಾವಾಗ ಹಾಗೆ ಡುಬ್ಬ ಆಗಿದ್ದವೋ, ನಾವು ಗಮನಿಸಿಯೇ ಇರಲಿಲ್ಲ. ಆಮೇಲೆ ಎಕ್ಸ್‌ರೇ ಬೆಳಕಿಗೆ ಹಿಡಿದರು. 'ಟಿ.ಬಿ. ಹೆಚ್ಚಾಗಿ ಮೇಲಿನ ಭಾಗ ಹಿಡಿಯುತ್ತದೆ. ಇದು ನೋಡಿ, ಕೆಳಗಿನಿಂದ ಬಂದಿದೆ. ಆಸ್ಬೆಸ್ಟೋಸಿಸ್.' ಶ್ವಾಸಕೋಶ ಗಾಯದ ಕಲೆಯ ಹಾಗೆ ಗಟ್ಟಿಯಾಗಿದೆ, ಅದನ್ನು ಮೊದಲಿನ ಹಾಗೆ ಮಾಡುವ ಔಷಧಿ ಇಲ್ಲ ಅಂದರು.

ನಾನು ಫೈಲು ಜೋಡಿಸಿಕೊಳ್ಳುತ್ತಿದ್ದೆ. ಡಾಕ್ಟ್ರು ಪೆನ್ನು ಎತ್ತಿದವರು ಹಾಗೇ ನಿಲ್ಲಿಸಿ ಕೇಳಿದರು: 'ಕಪಡೇ ಕೌನ್ ಧೋತಾ ಥಾ?'

ಅಮ್ಮ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದಳು. 'ನಾನೇ' ಅಂದಳು, ಕನ್ನಡದಲ್ಲೇ.

'ಇವರದ್ದೂ ಒಂದು ಎಕ್ಸ್‌ರೇ ತೆಗೀರಿ.'

'ನಂಗೆಂತ ಆಗಿದೆ? ನಾನೇನು ಫ್ಯಾಕ್ಟ್ರಿಗೆ ಹೋದವಳಾ?' ಅಮ್ಮನಿಗೆ ನಗು. ಚೀಟಿ ಬರೆಯುವ ಹುಡುಗ 'ಯಾವ ಖಾತಾ?' ಅಂತ ಕೇಳಿದ. ಮುಂಬೈಯಲ್ಲಿ ಕಾರ್ಖಾನೆಯ ವಿಭಾಗಕ್ಕೆ ಖಾತಾ ಅನ್ನುತ್ತಾರೆ. ಅಮ್ಮ ಅಪ್ಪಯ್ಯನ ಮುಖ ನೋಡಿದಳು. 'ಧೋಬಿ ಖಾತಾ ಅಂತ ಬರ್ಕೊ' ಅಂದರು ಅಪ್ಪಯ್ಯ. ತಮಾಷೆಗೆ ಅಂದಿದ್ದು. ಯಾರೂ ನಗಲಿಲ್ಲ.

ಅಮ್ಮನ ಶ್ವಾಸಕೋಶದ ಹೊರಪದರದಲ್ಲಿ ದಪ್ಪ ದಪ್ಪ ಕಲೆಗಳಿದ್ದವು.

ಕಲ್ನಾರಿನಿಂದ ಬರುವ ಮೆಸೊಥೆಲಿಯೋಮ ಅನ್ನುವ ಕ್ಯಾನ್ಸರಿನ 76 ರೋಗಿಗಳ ಮೇಲೆ ಲಂಡನ್ನಿನಲ್ಲಿ ಒಂದು ಅಧ್ಯಯನ ಆಗಿತ್ತು ಅಂತ ಆಮೇಲೆ ಓದಿದೆ. ಅವರಲ್ಲಿ 9 ಮಂದಿ ಕಲ್ನಾರು ಮುಟ್ಟಿ ದುಡಿದವರಲ್ಲ, ಬರೀ ಅಂಥವರ ಮನೆಯವರು. ಹೆಚ್ಚಿನವರು ಗಂಡನ ಕೆಲಸದ ಬಟ್ಟೆ ಒಗೆದ ಹೆಂಗಸರು. ಅದು ಪ್ರಕಟವಾಗಿದ್ದು 1965ರಲ್ಲಿ. ಅಪ್ಪಯ್ಯ ಕೆಲಸಕ್ಕೆ ಸೇರುವ ನಾಲ್ಕು ವರ್ಷ ಮೊದಲು! ಕೆಲಸದ ಬಟ್ಟೆ ಕಾರ್ಖಾನೆಯಲ್ಲೇ ಬಿಟ್ಟು, ಸ್ನಾನ ಮಾಡಿ ಮನೆಗೆ ಹೋಗಿ ಅಂದಿದ್ದರೂ ಸಾಕಿತ್ತು, ಅಲ್ವಾ?

ಕಲ್ನಾರು ಕಾರ್ಖಾನೆಗಳು ಕೆಲಸಗಾರರ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ಆಮೇಲೆ ಬರುತ್ತದೋ ಅಲ್ಲಿಯವರೆಗೆ ಇಡಬೇಕು ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಅಪ್ಪಯ್ಯ ರಿಟೈರ್ ಆಗಿದ್ದು 1998ರಲ್ಲಿ. ಕೇಳಲಿಕ್ಕೆ ಹೋದರೆ ಹಳೇ ಕಾಗದ ಏನೂ ಇಲ್ಲ ಅಂದರು. ಪರಿಹಾರಕ್ಕೆ ಅವರ ಹೆಸರಲ್ಲಾದರೂ ಒಂದು ಅರ್ಜಿ ಹಾಕಿದೆವು. ಅಮ್ಮನ ಹೆಸರಲ್ಲಿ ಏನಂತ ಹಾಕುವುದು? ಅವಳಿಗೆ ಸಂಬಳ ಕೊಟ್ಟವರೇ ಯಾರೂ ಇಲ್ಲ.

ಆ ದಿನ ವಾಪಸ್ಸು ಬರುವಾಗ ರೈಲು ಖಾಲಿ ಇತ್ತು. ಅಪ್ಪಯ್ಯ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದರು. ಅಮ್ಮ ಬೆರಳಲ್ಲಿ ಏನೋ ಲೆಕ್ಕ ಹಾಕುತ್ತಿದ್ದಳು. ಸ್ವಲ್ಪ ಹೊತ್ತು ಬಿಟ್ಟು ನನ್ನ ಕಡೆ ತಿರುಗಿದಳು.

'ನಾನು ಅಂಗಿ ಕೊಡವುವಾಗ ನೀನು ಅಲ್ಲೇ ಕಾಲ ಹತ್ರ ಆಡ್ತಾ ಇದ್ದೆ, ಅಲ್ವಾ? ನೀನೂ ಒಂದು ಎದೆ ಫೋಟೋ ತೆಗೆಸು. ತಂಗಿಗೂ ಹೇಳು.'