ರಿಂಗ್ಸ್ ಮುಗೀತು, ಮುಂದೇನು ಓದ್ಲಿ?

ಟೋಲ್ಕಿನ್‌ನ ಲಾರ್ಡ್ ಆಫ್ ದ ರಿಂಗ್ಸ್ ಮುಗಿಸಿದವರೆಲ್ಲ ನನ್ನ ಕೇಳೋದು ಒಂದೇ, "ಈಗ ಸಿಲ್ಮರಿಲಿಯನ್ ಹಿಡೀಲಾ?" ಅಂತ. ಅದೂ ಟೋಲ್ಕಿನ್‌ದೇ, ರಿಂಗ್ಸ್‌ಗಿಂತ ಎಷ್ಟೋ ಹಿಂದಿನ ಕಾಲದ ಕಥೆಗಳು. ಈಗ್ಲೇ ಬೇಡ ಅಂತೀನಿ. ಕೆಟ್ಟ ಪುಸ್ತಕ ಅಂತಲ್ಲ, ನಾನೇ ಮೂರು ಸಲ ಶುರು ಮಾಡಿ ಮೂರು ಸಲಾನೂ ಕಪಾಟಿಗೆ ವಾಪಸ್ ಇಟ್ಟಿದ್ದೆ, ಫಿನ್ವೆ, ಫಿಂಗಾಲ್ಫಿನ್, ಫಿನಾರ್ಫಿನ್, ಫಿನ್ರಾಡ್, ಒಂದೇ ಮನೇಲಿ ರಾಮಪ್ಪ ರಾಮಣ್ಣ ರಾಮಯ್ಯ ಇದ್ದಂಗೆ, ಯಾರು ಯಾರ ಮಗ ಅಂತ ಗೊತ್ತಾಗೋಷ್ಟರಲ್ಲಿ ಯುದ್ಧಾನೇ ಮುಗಿದಿರತ್ತೆ.

ಮೊದಲು ಫಾದರ್ ಕ್ರಿಸ್‌ಮಸ್ ಲೆಟರ್ಸ್ ಓದಿ. 1920ರಿಂದ 1943ರವರೆಗೆ ಈ ಪುಣ್ಯಾತ್ಮ ತನ್ನ ಮಕ್ಕಳಿಗೆ ಪ್ರತಿ ಡಿಸೆಂಬರ್‌ಗೂ ಉತ್ತರ ಧ್ರುವದಿಂದ ಬಂದಂಗೆ ಕಾಗದ ಬರೀತಿದ್ದ, ಸ್ಟಾಂಪೂ ತಾನೇ ಬಿಡಿಸಿ. ಕ್ರಿಸ್‌ಮಸ್ ತಾತನಿಗೆ ವಯಸ್ಸಾಗಿದೆ, ಚಳಿ ಬೇರೆ, ಅದಕ್ಕೆ ಅಕ್ಷರ ನಡುಗತ್ತೆ. ಅವನ ಜೊತೆಗಿರೋ ಹಿಮಕರಡಿ ಮಾರ್ಜಿನ್‌ನಲ್ಲಿ ದಪ್ಪ ದಪ್ಪ ಅಕ್ಷರದಲ್ಲಿ ತಕರಾರು ಬರೀತದೆ. 1925ರ ಕಾಗದದಲ್ಲಿ ಗಾಳಿಗೆ ಹಾರಿಹೋದ ತಾತನ ಟೋಪಿ ತರೋಕೆ ಕರಡಿ ಧ್ರುವದ ಕಂಬಾನೇ ಹತ್ತಿ, ಕಂಬ ಮುರಿದು ಮನೆ ಸೂರಿನ ಮೇಲೆ ಬೀಳತ್ತೆ! 1932ರಲ್ಲಿ ನೋಡಿದ್ರೆ ಗುಹೆಯೊಳಗೆ ಗಾಬ್ಲಿನ್ ಅನ್ನೋ ದುಷ್ಟ ಜೀವಿಗಳು ಹಾಜರ್, ಇಂಥದ್ದೇ ಗಾಬ್ಲಿನ್‌ಗಳಿರೋ ಅವನ ಹಾಬಿಟ್ ಪುಸ್ತಕ ಬಂದಿದ್ದು ಮಾತ್ರ ಆಮೇಲೆ, 1937ಕ್ಕೆ. ತಗೊಳ್ಳೋದಾದ್ರೆ ಚಿತ್ರ ಇರೋದೇ ತಗೊಳ್ಳಿ, ಬರೀ ಅಕ್ಷರ ಓದಿದ್ರೆ ಅರ್ಧ ಮಜಾ ಹೋಯ್ತು.

ಆಮೇಲೆ ಲೀಫ್ ಬೈ ನಿಗಲ್, ಒಂದು ಸಂಜೆಗೆ ಮುಗಿಯೋ ಕಥೆ. ನಿಗಲ್ ಅನ್ನೋ ಪೇಂಟರ್ ಒಂದು ಎಲೆ ಬರೆಯೋಕೆ ಹೋಗಿ ಅದು ಮರ ಆಗಿ ಬೆಟ್ಟ ಕಾಡು ಎಲ್ಲ ಸೇರ್ಕೊಂಡು ಮುಗಿಯೋದೇ ಇಲ್ಲ, ಮಧ್ಯೆ ಪಕ್ಕದ ಮನೆಯವನದ್ದು ದಿನಾ ಒಂದು ಕೆಲಸ. ಕೊನೆಗೆ ಇನ್ಸ್‌ಪೆಕ್ಟರ್ ಬಂದು ಇಷ್ಟು ದೊಡ್ಡ ಕ್ಯಾನ್ವಾಸ್ ಇದೆಯಲ್ಲ, ಪಕ್ಕದ ಮನೆ ಸೂರಿಗೆ ತೇಪೆ ಹಾಕಬಹುದಿತ್ತಲ್ಲ ಅಂತಾನೆ. ಇದು 1945ರಲ್ಲಿ ಅಚ್ಚಾದಾಗ ರಿಂಗ್ಸ್ ಇನ್ನೂ ಮುಗಿದೇ ಇರಲಿಲ್ಲ. ಅಂದ್ರೆ ಆ ನಿಗಲ್ ಯಾರು ಅಂತ ನೀವೇ ಊಹಿಸ್ಕೊಳ್ಳಿ.

ರಿಂಗ್ಸ್ ನಡೆಯೋ ಮಧ್ಯಲೋಕದ (ಮಿಡಲ್ ಅರ್ತ್) ಕಥೇನೇ ಬೇಕು ಅನ್ನೋರಿಗೆ ಅನ್‌ಫಿನಿಶ್ಡ್ ಟೇಲ್ಸ್, 1980ರದ್ದು, ಮಗ ಕ್ರಿಸ್ಟಫರ್ ಸಂಪಾದಿಸಿದ್ದು. ಪೂರ್ತಿ ಓದ್ಲೇಬೇಕು ಅಂತೇನಿಲ್ಲ, ಎರೆಬೋರ್ ಬೆಟ್ಟದ ಭಾಗ ಮಾತ್ರ ಬಿಡಬೇಡಿ, ಹಾಬಿಟ್‌ನ ನಾಯಕ ಬಿಲ್ಬೋನ ಆ ಬೆಟ್ಟಕ್ಕೆ ಯಾಕೆ ಕಳಿಸಿದೆ ಅಂತ ಮಾಂತ್ರಿಕ ಗ್ಯಾಂಡಾಲ್ಫ್ ಬಾಯಲ್ಲೇ ಕೇಳ್ಬಹುದು.

ಇಷ್ಟಾದ್ಮೇಲೆ ಸಿಲ್ಮರಿಲಿಯನ್. ನನಗೆ ನಾಲ್ಕನೇ ಸಲಕ್ಕೆ ಮುಗೀತು, ಅದೂ ಕೊನೇಲಿರೋ ವಂಶಾವಳಿ ಜೆರಾಕ್ಸ್ ಮಾಡಿಸಿ ಪಕ್ಕದಲ್ಲಿಟ್ಕೊಂಡು.