ಕತ್ತಲೆಕಾನಿನಲ್ಲಿ ಒಂದು ಬಿಳಿ ಚಿಟ್ಟೆ

ಕಾರವಾರದಿಂದ ಬೆಳಗಿನ ಐದೂವರೆ ಬಸ್ಸು ಹಿಡಿದೆ. ಅಂಕೋಲೆ ದಾಟಿ ಗಂಗಾವಳಿ ಸೇತುವೆ ಬರುವಾಗ ಬೆಳಕು ಹರಿದಿತ್ತು. ಕುಮಟೆ, ಹೊನ್ನಾವರ, ಅಲ್ಲಿಂದ ಸಾಗರದ ಬಸ್ಸು. ಗೇರುಸೊಪ್ಪೆಯಲ್ಲಿ ಮಾವ ಹತ್ತಿದರು. ಕೈಯಲ್ಲಿ ಕೊಡೆ, ಹೆಗಲಿಗೆ ಕವಳದ ಚೀಲ. ಅಕ್ಟೋಬರ್ ಬಂದರೂ ಘಟ್ಟದ ಮೇಲೆ ಮಳೆ ಪೂರ್ತಿ ಬಿಟ್ಟಿರಲಿಲ್ಲ.

ನಾವು ಹೊರಟಿದ್ದು ಒಂದೇ ಒಂದು ಚಿಟ್ಟೆ ನೋಡೋಕೆ. ಇಂಗ್ಲಿಷಿನಲ್ಲಿ ಅದಕ್ಕೆ ಮಲಬಾರ್ ಟ್ರೀ ನಿಂಫ್ ಅಂತಾರೆ. ರೆಕ್ಕೆ ಬಿಚ್ಚಿದರೆ ಈ ತುದಿಯಿಂದ ಆ ತುದಿಗೆ ಹನ್ನೆರಡರಿಂದ ಹದಿನೈದು ಸೆಂಟಿಮೀಟರ್. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ.

ಇದರ ಆಸೆ ನನಗೆ ಹತ್ತಿದ್ದು ಕಾರವಾರದಲ್ಲೇ. ಟಿ. ಆರ್. ಬೆಲ್ ಅಂತ ಒಬ್ಬ ಅರಣ್ಯಾಧಿಕಾರಿ ಇದ್ದರು. 1863ರಲ್ಲಿ ಹುಟ್ಟಿದವರು, ಐರ್ಲೆಂಡಿನವರು. ನಿವೃತ್ತಿಯಾದ ಮೇಲೂ ಕಾರವಾರ ಬಿಡಲಿಲ್ಲ, 1948ರಲ್ಲಿ ಅಲ್ಲೇ ತೀರಿಕೊಂಡರು. ಕೆಲಸದಲ್ಲಿದ್ದ ಕಾಲದಲ್ಲಿ, ಜಿಲ್ಲೆಯ ಕಲೆಕ್ಟರ್ ಆಗಿದ್ದ ಡೇವಿಡ್ಸನ್, ಉಪ್ಪು–ಸುಂಕದ ಇಲಾಖೆಯ ಏಟ್ಕನ್, ಇವರಿಬ್ಬರ ಜೊತೆ ಸೇರಿ ನಮ್ಮ ಜಿಲ್ಲೆಯ ಚಿಟ್ಟೆಗಳನ್ನೆಲ್ಲ ಪಟ್ಟಿ ಮಾಡಿದರು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ 1896ರಿಂದ ಅದು ಕಂತು ಕಂತಾಗಿ ಬಂತು. ಚಿಟ್ಟೆ ಹಿಡಿದು ಗುಂಡುಸೂಜಿ ಚುಚ್ಚಿ ಇಡೋದಷ್ಟೇ ಅವರ ಕೆಲಸ ಆಗಿರಲಿಲ್ಲ. ಹುಳ ತಂದು ಸಾಕಿ, ಅದು ಯಾವ ಎಲೆ ತಿನ್ನುತ್ತದೆ, ಗೂಡು ಹೇಗಿರುತ್ತದೆ ಅಂತ ಬರೆದಿಟ್ಟರು. ಈಗಲೂ ನಮ್ಮ ಕಡೆ ಚಿಟ್ಟೆ ನೋಡುವವರು ಅವರು ಹಾಕಿದ ದಾರಿಯಲ್ಲೇ ನಡೆಯುತ್ತಿದ್ದಾರೆ ಅಂತ ನನಗನ್ನಿಸುತ್ತದೆ.

ಮಲೆಮನೆ ಘಟ್ಟ ಹತ್ತಿ ಬಸ್ಸು ಇಳಿದಾಗ ಒಂಬತ್ತಾಗಿತ್ತು. ಸಿದ್ದಾಪುರ ತಾಲೂಕಿನ ಕತ್ತಲೆಕಾನು ಇದು. ಕಾನು ಅಂದರೆ ದಟ್ಟ ಕಾಡು. ಹೆಸರು ಸುಮ್ನೆ ಬಂದಿಲ್ಲ. ರಸ್ತೆಯಿಂದ ಹತ್ತು ಹೆಜ್ಜೆ ಒಳಗೆ ಹೋದರೆ ಸಾಕು, ಸಂಜೆ ಆದ ಹಾಗೆ. ತಗ್ಗಿನಲ್ಲಿ ರಾಮಪತ್ರೆ ಜಡ್ಡಿ, ಅಂದರೆ ರಾಮಪತ್ರೆ ಮರಗಳ ಜೌಗು. ಕಪ್ಪು ನೀರು ಸದ್ದಿಲ್ಲದೆ ಹರಿಯುತ್ತದೆ. ನೀರಿನಿಂದ ಬೇರುಗಳು ಮೇಲೆದ್ದು, ಮಂಡಿ ಮಡಚಿ ಮತ್ತೆ ಕೆಸರಿಗೆ ಇಳಿದಿವೆ. ಉಸಿರಾಡಲು ಬೇರು ಹೀಗೆ ನೀರಿನ ಮೇಲೆ ಬರಬೇಕು, ಕೆಸರಿನಲ್ಲಿ ಗಾಳಿ ಇಲ್ಲವಲ್ಲ. ಈ ಕಾನಿನ ಹೆಸರನ್ನೇ ಹೊತ್ತ ಮರವೂ ಒಂದಿದೆ, ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್. ವಿಜ್ಞಾನಕ್ಕೆ ಅದು ಗೊತ್ತಾಗಿದ್ದು 2000ದಲ್ಲಿ!

ರಕ್ತ ಹೀರುವ ಉಂಬಳಗಳಿಗಂತೂ ಹಬ್ಬ. ಮಾವ ಬೆರಳಲ್ಲಿ ಸುಣ್ಣ ತೆಗೆದು ನನ್ನ ಕಾಲಿಗೆ ಮುಟ್ಟಿಸುತ್ತಿದ್ದರು. ನನ್ನ ಕಣ್ಣು ಮೇಲೇ ಇತ್ತು.

"ತಮಾ, ಅವಸರ ಮಾಡಡ. ಬಿಸ್ಲು ಬರ್ಲಿ, ಅದೇ ಬತ್ತು" ಅಂದರು.

ಕಾಯುತ್ತಾ ಕೂತಾಗ ಮಾವನಿಗೆ ಹೆಸರಿನ ಕಥೆ ಹೇಳಿದೆ. ಇಂಗ್ಲೆಂಡಿನ ಕೀಟತಜ್ಞ ಫ್ರೆಡರಿಕ್ ಮೂರ್ 1877ರಲ್ಲಿ ಇದಕ್ಕೆ ಹೆಸ್ಟಿಯಾ ಮಲಬಾರಿಕಾ ಅಂತ ಹೆಸರಿಟ್ಟ. ಆದರೆ ಇದೇ ಕುಲಕ್ಕೆ ಡೆನ್ಮಾರ್ಕಿನ ಕೀಟತಜ್ಞ ಫೆಬ್ರೀಸಿಯಸ್ 1807ರಲ್ಲೇ ಐಡಿಯಾ ಅನ್ನುವ ಹೆಸರು ಕೊಟ್ಟಾಗಿತ್ತು. ಮೊದಲು ಇಟ್ಟ ಹೆಸರು ಉಳಿಯಬೇಕು ಅನ್ನೋದು ನಿಯಮ. ಹಾಗಾಗಿ ಈಗ ಐಡಿಯಾ ಮಲಬಾರಿಕಾ. ಮೂರ್ ನಮ್ಮ ಕೆನರಾದ (ಕನ್ನಡ ಜಿಲ್ಲೆಗೆ ಇಂಗ್ಲಿಷರ ಹೆಸರು) ಹೆಸರಲ್ಲಿ ಕೆನರೆನ್ಸಿಸ್ ಅಂತಲೂ ಒಂದನ್ನು ಬೇರೆ ಮಾಡಿದ್ದ. ಅದನ್ನೂ ಈಗ ಮಲಬಾರಿಕಾದೊಳಗೇ ಸೇರಿಸುತ್ತಾರೆ. ಈ ಕುಲದ ಹೆಚ್ಚಿನವು ಇರೋದು ಮಲೇಷ್ಯಾ, ಇಂಡೋನೇಷ್ಯಾ, ಫಿಲಿಪೀನ್ಸ್ ಕಡೆ. ಅಂಡಮಾನಿನಲ್ಲಿ ಒಂದಿದೆ, ಶ್ರೀಲಂಕಾದಲ್ಲಿ ಒಂದಿದೆ. ಈಚೆ ಕಡೆ ನಮ್ಮ ಘಟ್ಟದಲ್ಲಿ ಇದೊಂದೇ. ನಡುವೆ ಅಷ್ಟು ದೊಡ್ಡ ಬಯಲುನಾಡು, ಅಲ್ಲೆಲ್ಲ ಒಂದೂ ಇಲ್ಲ.

"ಅಂದ್ರೆ ಕಾನು ಇದ್ದಲ್ಲಿ ಮಾತ್ರ ಅದು" ಅಂದರು ಮಾವ.

ಹೌದು, ಅಷ್ಟೇ. ಗೋವಾದ ಕಡೆಯಿಂದ ಕೇರಳದ ತುದಿವರೆಗೆ ಅಂತ ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಬರೆಯುತ್ತಾರೆ. ಭೂಪಟದಲ್ಲಿ ಉದ್ದಕ್ಕೆ ಬಣ್ಣ ಬಳಿಯುತ್ತಾರೆ. ಆದರೆ ನೆಲದ ಮೇಲೆ ಅದು ಚೂರು ಚೂರು. ಕ್ಯಾಸಲ್‌ರಾಕ್ ಕಡೆ ಒಂದು ಚೂರು, ಇಲ್ಲೊಂದು ಚೂರು. ಇರುವಲ್ಲಿ ನಾಲ್ಕಾರು ಒಟ್ಟಿಗೆ ಹಾರುತ್ತವೆ. ಮರ ಕಡಿದು ಬಿಸಿಲು ಬಿದ್ದ ಕಡೆ ಒಂದೂ ಕಾಣುವುದಿಲ್ಲ. ಅಪಾಯದ ಹತ್ತಿರ ಇರುವ ಜೀವಿಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಇದರ ಹೆಸರು ಸೇರಿರುವುದು ಇದಕ್ಕೇ.

ಹತ್ತೂಕಾಲಿಗೆ ಬಿಸಿಲು ಬಂತು. ಮೇಲಿನ ಎಲೆಗಳ ಸಂದಿಯಿಂದ ಒಂದು ಬಿಳಿ ಚೂರು ಬೀಳತೊಡಗಿತು. ಒಣಗಿದ ಎಲೆ ಅಂದುಕೊಂಡೆ. ಅದು ಬೀಳಲಿಲ್ಲ. ಅರ್ಧಕ್ಕೆ ನಿಂತು, ಒಂದು ಸಲ ರೆಕ್ಕೆ ಬಡಿದು ಮತ್ತೆ ತೇಲಿತು.

"ಮಾವಾ!"

ಇಷ್ಟು ನಿಧಾನಕ್ಕೆ ಹಾರುವ ಚಿಟ್ಟೆಯನ್ನು ನಾನು ನೋಡಿಲ್ಲ. ಹಕ್ಕಿ ಹಿಡಿದೀತು ಅನ್ನುವ ಭಯವೇ ಇಲ್ಲ. ಇದರ ಹುಳ ತಿನ್ನುವುದು ಕಣಗಿಲೆಯ ಕುಟುಂಬದ ಕಾಡುಬಳ್ಳಿಯ ಎಲೆ. ಎಲೆ ಮುರಿದರೆ ಹಾಲು ಬರುತ್ತದೆ, ಅದರಲ್ಲಿ ವಿಷ. ತಿಂದ ವಿಷ ಮೈಯಲ್ಲಿ ಉಳಿಯುತ್ತದೆ. ಅದಕ್ಕೇ ಹಕ್ಕಿಗಳು ಇದರ ತಂಟೆಗೆ ಬರೋದು ಕಡಿಮೆ.

ನಮ್ಮಿಂದ ಮೂರು ಮಾರು ದೂರದಲ್ಲಿ, ಮಂಡಿಬೇರಿನ ಪಕ್ಕದ ಗಿಡದ ಮೇಲೆ ಅದು ಕೂತಿತು. ರೆಕ್ಕೆ ನಮ್ಮ ಕಡೆಯ ಸಿಹಿತಿಂಡಿ ತೊಡದೇವಿನಷ್ಟು ತೆಳು. ಹಿಂದಿನ ಎಲೆಯ ಹಸಿರು ಅದರೊಳಗಿಂದ ಕಾಣುತ್ತಿತ್ತು. ನರಗಳೆಲ್ಲ ಕಪ್ಪು, ನಡುನಡುವೆ ಬೆರಳಲ್ಲಿ ಮಸಿ ಒತ್ತಿದಂಥ ಬೊಟ್ಟುಗಳು. ಅಂಚಿನಲ್ಲಿ ಬೊಟ್ಟು ಜಾಸ್ತಿ. ಒಂದು ರೆಕ್ಕೆಯ ಮೂಲೆ ಹರಿದಿತ್ತು. ಕಾಲು ಎಣಿಸಿದೆ, ನಾಲ್ಕೇ ಕಂಡವು. ಮುಂದಿನ ಎರಡು ತೀರಾ ಚಿಕ್ಕವು, ಎದೆಗೆ ಮಡಚಿಕೊಂಡಿರುತ್ತವೆ. ನಾನು ಮೊಬೈಲ್ ತೆಗೆಯಲೇ ಇಲ್ಲ. ಉಸಿರು ಬಿಗಿಹಿಡಿದು ಕೂತಿದ್ದೆ.

ಎರಡು ನಿಮಿಷ ಆಗಿರಬಹುದು. ಎದ್ದು ರಸ್ತೆಯ ಕಡೆ ತೇಲಿತು, ನಾವೂ ಹಿಂದೆ ಹೋದೆವು. ರಸ್ತೆಯ ಅಂಚಿನಲ್ಲಿ ಮರದ ನೆರಳು ಮುಗಿಯುತ್ತದೆ, ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಅಲ್ಲಿವರೆಗೆ ಬಂದ ಚಿಟ್ಟೆ ಒಂದು ಸುತ್ತು ಹೊಡೆದು ಕಾನಿನ ಒಳಗೇ ಹಿಂದಿರುಗಿತು. ಒಂದು ಲಾರಿ ಹೋಯಿತು.

ಪುಸ್ತಕ ತೆಗೆದು ಬರೆದುಕೊಂಡೆ: ಕತ್ತಲೆಕಾನು, ಬೆಳಿಗ್ಗೆ 10.20, ಒಂದು.

ಮಾವ ನನ್ನ ಭುಜ ಮುಟ್ಟಿ ಮೇಲೆ ತೋರಿಸಿದರು. ಬಿಸಿಲಿನ ಅದೇ ಸಂದಿಯಲ್ಲಿ ಇನ್ನೊಂದು ಇಳಿಯುತ್ತಿತ್ತು. ಇದರ ರೆಕ್ಕೆ ಹರಿದಿರಲಿಲ್ಲ. 'ಒಂದು' ಹೊಡೆದು 'ಎರಡು' ಅಂತ ಬರೆದೆ.