ಅದನ್ನ ಓದಿ ಕಲಬುರಗ್ಯಾಗ ಏನ್ ಮಾಡ್ತೀ?

ವಿದೇಶಿ ಹೂಡಿಕೆ ಮತ್ತು ಅದರ ವ್ಯಾಜ್ಯಗಳ ಅಂತರರಾಷ್ಟ್ರೀಯ ಕಾನೂನನ್ನು ಓದುತ್ತಿದ್ದೇನೆ ಎಂದೊಡನೆ ಎದುರಾಗುವ ಪ್ರಶ್ನೆ ಇದೊಂದೇ. ಬಸ್ಸಿನಲ್ಲಿ ಪಕ್ಕದ ಸೀಟಿನವರು ಕೇಳಿದ್ದಾರೆ, ರೊಟ್ಟಿ ಬಡಿಯುತ್ತಲೇ ದೊಡ್ಡವ್ವ ಕೇಳಿದ್ದಾಳೆ. ಉತ್ತರಿಸಿ ಸಾಕಾಗಿದೆ, ಇನ್ನು ಕೇಳಿದವರಿಗೆ ಇದನ್ನೇ ಕಳುಹಿಸುತ್ತೇನೆ. ಕೆಲಸ ಸಿಕ್ಕರೆ ದೆಹಲಿಗೋ ಸಿಂಗಪುರಕ್ಕೋ ಹೋಗುತ್ತೇನೆ, ಸಿಗದಿದ್ದರೆ ಕರಿಕೋಟು ತೊಟ್ಟು ಇಲ್ಲಿಯ ಹೈಕೋರ್ಟ್ ಪೀಠದ ಮೆಟ್ಟಿಲು ಹತ್ತುತ್ತೇನೆ. ಕೆಲಸಕ್ಕೆ ಬಾರದ ಓದು ಎನ್ನುವವರು ಇಷ್ಟು ತಿಳಿದಿರಲಿ: ತೆರಿಗೆಯ ಜಗಳದಲ್ಲಿ ಬ್ರಿಟನ್ನಿನ ತೈಲ ಕಂಪನಿ ಕೇರ್ನ್‌ಗೆ ಭಾರತ ಸುಮಾರು 120 ಕೋಟಿ ಡಾಲರ್ ಕೊಡಬೇಕೆಂದು 2020ರ ಡಿಸೆಂಬರ್‌ನಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿಯ ತೀರ್ಪಾದ ಮೇಲೆ, ಪ್ಯಾರಿಸ್‌ನಲ್ಲಿದ್ದ ಭಾರತ ಸರ್ಕಾರದ ಆಸ್ತಿಗಳಿಗೇ ಜಪ್ತಿಯ ಬಿಸಿ ತಟ್ಟಿತ್ತು.

ಆದರೆ ನನ್ನನ್ನು ನಿಜವಾಗಿ ಕೆಣಕಿದವರು ಸೇಡಂನ ಕಾಕಾ. ಮದುವೆಯೊಂದರ ಊಟದ ಪಂಕ್ತಿಯಲ್ಲಿ, ನನ್ನ ಎಲೆಗೆ ಹೋಳಿಗೆ ಬೀಳುವ ಹೊತ್ತಿಗೆ, ಅವರು ಪ್ಲಾಸ್ಟಿಕ್ ಚೀಲದಿಂದ ಪಹಣಿಯನ್ನೂ ಅಂಚು ಹರಿದ ನೋಟಿಸುಗಳನ್ನೂ ತೆಗೆದು ಎಲೆಯ ಪಕ್ಕದಲ್ಲಿ ಹರವಿದರು. ‘ಹೊರದೇಶದ ಸಾವ್ಕಾರ್ರ ಜಗಳ ನಿನಗ್ಯಾಕ ಬೇಕವ್ವಾ? ನಮ್ಮ ಬದುವಿನ ಕೇಸ್ ಹನ್ನೊಂದು ವರ್ಷ ಆತು, ಯಾವಾಗ ಮುಗೀತದ ಅದನ್ನ ಹೇಳು.’ ಪಂಕ್ತಿಯೆಲ್ಲ ನಕ್ಕಿತು. ನಾನೂ ನಕ್ಕೆ, ನೋಟಿಸಿನ ಮೇಲೆ ತುಪ್ಪ ಚೆಲ್ಲದಂತೆ ಎಲೆಯನ್ನು ಸರಿಸಿಕೊಂಡೆ.

ಅವರು ಕೇಳಬೇಕಾಗಿದ್ದ ಪ್ರಶ್ನೆ ಬೇರೆಯಿತ್ತು. ಪಿಪರ್ವಾರ್ ಕಲ್ಲಿದ್ದಲು ಗಣಿಗಾಗಿ ಕೋಲ್ ಇಂಡಿಯಾದೊಡನೆ 1989ರಲ್ಲಿ ಕರಾರು ಮಾಡಿಕೊಂಡಿದ್ದ ಆಸ್ಟ್ರೇಲಿಯಾದ ವೈಟ್ ಇಂಡಸ್ಟ್ರೀಸ್, 2002ರಲ್ಲಿ ಆರ್ಬಿಟ್ರೇಷನ್‌ನಲ್ಲಿ (ಕೋರ್ಟಿನ ಹೊರಗೆ ಮಧ್ಯಸ್ಥಗಾರರು ಕೊಡುವ ತೀರ್ಪಿನಲ್ಲಿ) ಗೆದ್ದಿತು; ಆದರೆ ಆ ತೀರ್ಪನ್ನು ರದ್ದುಪಡಿಸಬೇಕೆಂಬ ಕೋಲ್ ಇಂಡಿಯಾದ ಅರ್ಜಿಯಿಂದಾಗಿ ವಿಷಯ ನಮ್ಮ ನ್ಯಾಯಾಲಯಗಳಲ್ಲೇ ವರ್ಷಗಟ್ಟಲೆ ಉಳಿಯಿತು. ಆಗ ಕಂಪನಿ ಭಾರತ–ಆಸ್ಟ್ರೇಲಿಯಾ ಹೂಡಿಕೆ ಒಪ್ಪಂದವನ್ನು ಹಿಡಿದು ಭಾರತದ ಮೇಲೆಯೇ ಅಂತರರಾಷ್ಟ್ರೀಯ ನ್ಯಾಯಮಂಡಳಿಯಲ್ಲಿ ದಾವೆ ಹೂಡಿತು. ಆ ಒಪ್ಪಂದದಲ್ಲಿಲ್ಲದ ‘ಹಕ್ಕು ಸಾಧಿಸಿಕೊಳ್ಳಲು ಪರಿಣಾಮಕಾರಿ ಮಾರ್ಗ’ ಎಂಬ ಭರವಸೆಯನ್ನು, ಇತರ ದೇಶದವರಿಗೆ ಕೊಟ್ಟದ್ದನ್ನು ತನಗೂ ಕೊಡಬೇಕೆಂಬ ಕಲಮಿನ ಬಲದಿಂದ, ಕುವೈತ್‌ನೊಡನಿದ್ದ ಒಪ್ಪಂದದಿಂದ ಎರವಲು ತಂದಿತು. (ಪಕ್ಕದ ಮನೆಯ ಕರಾರು ತೋರಿಸಿ ನಮ್ಮ ಮನೆಯ ಬಾಡಿಗೆ ಇಳಿಸಿಕೊಂಡ ಹಾಗೆ, ಮೊದಲ ಸಲ ಓದಿದಾಗ ನಾನೂ ನಂಬಿರಲಿಲ್ಲ.) ಒಂಬತ್ತು ವರ್ಷಗಳ ವಿಳಂಬದಿಂದ ಆ ಭರವಸೆ ಮುರಿದಿದೆ ಎಂದ ನ್ಯಾಯಮಂಡಳಿ, ಸುಮಾರು 40 ಲಕ್ಷ ಆಸ್ಟ್ರೇಲಿಯನ್ ಡಾಲರನ್ನು ಬಡ್ಡಿಸಹಿತ ಕೊಡುವಂತೆ 2011ರಲ್ಲಿ ಭಾರತಕ್ಕೆ ಆದೇಶಿಸಿತು.

ಅವರಿಗೆ ಒಂಬತ್ತು ವರ್ಷ, ಕಾಕಾನಿಗೆ ಹನ್ನೊಂದು. ‘ಆ ಬಾಗಿಲು ನನಗ್ಯಾಕ ಇಲ್ಲ?’ ಎಂದು ಅವರು ಕೇಳಿದ್ದರೆ ನಾನು ಹೋಳಿಗೆ ಬಿಟ್ಟು ಮಾತಿಗೆ ಕೂರುತ್ತಿದ್ದೆ. ಈ ಒಪ್ಪಂದಗಳು ಒಂದು ದೇಶದವರು ಇನ್ನೊಂದು ದೇಶದಲ್ಲಿ ಹಾಕಿದ ಬಂಡವಾಳಕ್ಕೆ ರಕ್ಷಣೆ ಕೊಡುತ್ತವೆಯೇ ಹೊರತು ಸ್ವಂತ ಪ್ರಜೆಗಲ್ಲ. ಇಲ್ಲಿಯೇ ಹುಟ್ಟಿದ್ದೇ ಕಾಕಾನಿಗೆ ಅಡ್ಡಿ. ವೈಟ್ ಪ್ರಕರಣದ ಪೆಟ್ಟು ತಿಂದ ಭಾರತ, ವಿದೇಶಿ ಹೂಡಿಕೆದಾರನೂ ಮೊದಲು ಐದು ವರ್ಷ ನಮ್ಮ ನ್ಯಾಯಾಲಯಗಳಲ್ಲೇ ಅಲೆಯಬೇಕೆಂದು 2015ರ ಮಾದರಿ ಒಪ್ಪಂದದಲ್ಲಿ, ಅಂದರೆ ಮುಂದಿನ ಒಪ್ಪಂದಗಳ ಮಾತುಕತೆಗೆ ಇಟ್ಟುಕೊಂಡ ಕರಡಿನಲ್ಲಿ, ಬರೆಯಿತು. ಯುಎಇ ಜೊತೆಗಿನ 2024ರ ಒಪ್ಪಂದದಲ್ಲಿ ಅದನ್ನು ಮೂರಕ್ಕೆ ಇಳಿಸಿತು.

ಮೊನ್ನೆ ಫೋನಿನಲ್ಲಿ ಇದನ್ನು ಹೇಳಿದೆ. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮೂರು ವರ್ಷದಾಗ ನಮ್ಮ ಕೇಸಿನಾಗ ಎಲ್ಲಾರಿಗೂ ಸಮನ್ಸ್ ಸುದ್ದಾ ಮುಟ್ಟಿದ್ದಿಲ್ಲವ್ವಾ’ ಎಂದರು.